ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಕುಡಿತ ಶುರುವಾದರೆ ಮನೆಯವರು ಏನು ಮಾಡಬೇಕು? (ಪ್ರಶ್ನೋತ್ತರ)

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಉಡುಪಿಯಲ್ಲಿ ಕೆಲಸ ಮಾಡುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ (ಮಲ್ಪೆ ಕಡೆಯ ಸದಸ್ಯೆ): ಮೇಡಂ, ನನ್ನ ಗಂಡ ಆಳಸಮುದ್ರದ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಕುಡಿತ ಜಾಸ್ತಿಯಾಗಿ ಜೂನ್‌ನಲ್ಲಿ, ಮೀನುಗಾರಿಕೆಗೆ ರಜೆ ಇದ್ದಾಗ, ಆಸ್ಪತ್ರೆಗೆ ಸೇರಿಸಿದೆವು. ಚೆನ್ನಾಗಿಯೇ ಬಂದರು. ರಜೆ ಮುಗಿಯುವವರೆಗೆ ಒಂದು ಹನಿ ಮುಟ್ಟಲಿಲ್ಲ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿಯಿತು. ವಾಪಸ್ ಬಂದು ಕೈಗೆ ದುಡ್ಡು ಸಿಕ್ಕಿದ ದಿನವೇ ಮತ್ತೆ ಶುರು. ಬೈದೂ ನೋಡಿದೆ, ಅತ್ತೂ ನೋಡಿದೆ, ಮಕ್ಕಳ ಮೇಲೆ ಆಣೆ ಹಾಕಿಸಿದೆ. ಪುನಃ ಅಡ್ಮಿಟ್ ಮಾಡುವ ಅಂತಾರೆ ಅತ್ತೆ. ಮಾತ್ರೆ ಕೆಲಸ ಮಾಡಲಿಲ್ಲ ಅಂತ ಲೆಕ್ಕವಾ?

ಉತ್ತರ: ಮಾತ್ರೆ ತನ್ನ ಕೆಲಸ ಮಾಡಿದೆ ಅಕ್ಕ. ಆಸ್ಪತ್ರೆಯಲ್ಲಿ ಮೊದಲ ವಾರ ಕೊಡುವ ಔಷಧಿ ಇರುವುದು ಕುಡಿತ ನಿಂತಾಗ ಬರುವ ನಡುಕ, ಬೆವರು, ಫಿಟ್ಸ್ ತಡೆಯಲು. ಜೊತೆಗೆ ಥಯಾಮಿನ್ ಎಂಬ ವಿಟಮಿನ್ ಕೊಡುತ್ತಾರೆ, ಮಿದುಳಿಗೆ ಪೆಟ್ಟಾಗಬಾರದು ಎಂದು. ಅಲ್ಲಿಗೆ ದೇಹ ಒಂದು ಹದಕ್ಕೆ ಬರುತ್ತದೆ. ಆದರೆ ಬಂದರು ಹಾಗೇ ಇತ್ತು, ಜೊತೆಗಾರರು ಹಾಗೇ ಇದ್ದರು, ದುಡ್ಡು ಕೈಗೆ ಬರುವ ಸಂಜೆಯೂ ಹಾಗೇ ಇತ್ತು. ರಜೆಯಲ್ಲಿ ಇದ್ಯಾವುದೂ ಎದುರಿಗೆ ಇರಲಿಲ್ಲ. ಆಗಸ್ಟ್‌ನಲ್ಲಿ ಎಲ್ಲವೂ ಒಟ್ಟಿಗೆ ಎದುರಾಯಿತು. ಅಷ್ಟು ದಿನ ಬಿಟ್ಟಿದ್ದು ಸುಳ್ಳಲ್ಲ, ಅದು ಅವರ ಶಕ್ತಿಯೇ. ಎಲ್ಲಿ ಕಾಲು ಜಾರಿತು ಎನ್ನುವುದೂ ಈಗ ನಿಮಗೆ ಸ್ಪಷ್ಟವಾಗಿ ಗೊತ್ತಾಗಿದೆ. ಚಿಕಿತ್ಸೆಯ ಉಳಿದ ಅರ್ಧ ಅಲ್ಲಿಂದಲೇ ಶುರುವಾಗಬೇಕು.

ನನ್ನ ಅನುಭವದಲ್ಲಿ ಮನೆಯವರು ಹೆಚ್ಚು ಶ್ರಮ ಹಾಕುವುದು ಕಾವಲು ಕಾಯುವುದಕ್ಕೆ. ಬಾಯಿ ಮೂಸುವುದು, ಜೇಬು ತಡಕುವುದು, ಆಣೆ ಹಾಕಿಸುವುದು. ಆಣೆ ಮುರಿದವನಿಗೆ ಮನೆಗೆ ಬರಲು ನಾಚಿಕೆ, ಆ ನಾಚಿಕೆಗೆ ಮತ್ತೊಂದು ಕ್ವಾರ್ಟರ್. ಅದೇ ಶ್ರಮವನ್ನು ಅವರ ಸಂಜೆಯ ಸಹವಾಸ ಬದಲಿಸಲು ಹಾಕಿ. ಅಮೆರಿಕದಲ್ಲಿ ಮಾರ್ಕ್ ಲಿಟ್ ಎಂಬ ಸಂಶೋಧಕ ಮತ್ತು ಸಂಗಡಿಗರು ಇದನ್ನೇ ಚಿಕಿತ್ಸೆಯಾಗಿ ಮಾಡಿ ನೋಡಿದರು. 2009ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಕುಡಿಯದ ಒಬ್ಬ ವ್ಯಕ್ತಿ ಒಡನಾಟಕ್ಕೆ ಹೊಸದಾಗಿ ಸೇರಿದರೂ ಮುಂದಿನ ಒಂದು ವರ್ಷ ಕುಡಿಯದೆ ಇರುವ ಸಾಧ್ಯತೆ ಶೇ. 27ರಷ್ಟು ಹೆಚ್ಚಾಗಿತ್ತು. ಒಬ್ಬರು ಸಾಕು ನೋಡಿ. ಊರಿನ ಎಲ್ಲ ಕುಡುಕ ಗೆಳೆಯರನ್ನು ಬಿಡಿಸುವುದು ಆಗದ ಮಾತು. ಒಬ್ಬ ಒಳ್ಳೆಯ ಜೊತೆಗಾರನನ್ನು ಸೇರಿಸುವುದು ಆಗುವ ಮಾತು.

ನಿಮ್ಮಲ್ಲಿ ಅಂಥವರು ಯಾರಿದ್ದಾರೆ ಎಂದು ಇಬ್ಬರೂ ಕೂತು ಯೋಚಿಸಿ. ಭಾವ, ಮೈದುನ, ಭಜನಾ ಮಂದಿರದವರು, ಯಕ್ಷಗಾನದ ಹುಚ್ಚಿನ ಗೆಳೆಯ, ಅದೇ ಬೋಟಿನಲ್ಲಿ ಕುಡಿಯದ ಒಬ್ಬ ಕಲಾಸಿ, ಯಾರಾದರೂ ಸರಿ. ಅವರು ಉಪದೇಶ ಮಾಡುವುದು ಬೇಡ. ಸಂಜೆ ಆರರಿಂದ ಒಂಬತ್ತರವರೆಗೆ ಜೊತೆಗಿದ್ದರೆ ಸಾಕು.

ಅಡ್ಮಿಟ್ ವಿಷಯ ವೈದ್ಯರು ನೋಡಿ ಹೇಳಬೇಕು. ನಾಳೆಯೇ ಕರೆದುಕೊಂಡು ಹೋಗಿ. "ಮತ್ತೆ ಕುಡಿದೆ ಅಂತ ಯಾವ ಮುಖ ಇಟ್ಕೊಂಡು ಹೋಗಲಿ" ಎಂದು ತಿಂಗಳುಗಟ್ಟಲೆ ತಡ ಮಾಡುವವರೇ ಜಾಸ್ತಿ. ಈ ಕಾಯಿಲೆಯಲ್ಲಿ ಮರುಕಳಿಸುವುದು ಅಪರೂಪವಲ್ಲ. ಯಾವ ವೈದ್ಯರಿಗೂ ಅದು ಹೊಸತಲ್ಲ.

ಪ್ರತಿಕ್ರಿಯೆ (ಕಾಪುವಿನ ಸದಸ್ಯ): ನಮ್ಮ ಕಡೆ ಮನೆಯೊಳಗೆ ಕೂಡಿ ಹಾಕಿ ಮೂರು ದಿನ ಕೊಡದೆ ಇಟ್ಟರೆ ಬಿಡುತ್ತಾನೆ ಅನ್ನುತ್ತಾರೆ.

ಉತ್ತರ: ದಯವಿಟ್ಟು ಬೇಡ. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗೊತ್ತುಗುರಿ ತಪ್ಪಿ ಮಾತಾಡುವುದು, ಜ್ವರ, ವಿಪರೀತ ನಡುಕ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ನಿಲ್ಲಿಸುವುದಾದರೆ ವೈದ್ಯರ ಕೈಯಲ್ಲೇ.

ಪ್ರಶ್ನೆ (ಮಲ್ಪೆಯ ಸದಸ್ಯೆ): ಅತ್ತೆ ಯಾರನ್ನೋ ಕೇಳಿ ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿ ತರಿಸಿದ್ದಾರೆ. ಹಾಕಬಹುದಾ?

ಉತ್ತರ: ಹಾಕಬೇಡಿ. ಅದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೂ ಕೆಲವರು ಹೀಗೆ ಕದ್ದು ಕೊಡುತ್ತಾರೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ, ಎದೆಬಡಿತ, ಬಿಪಿ ಕುಸಿತ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಆದರೆ ವೈದ್ಯರು ಪರೀಕ್ಷೆ ಮಾಡಿ ಬರೆದುಕೊಟ್ಟು, ನಿಮ್ಮ ಗಂಡನೇ ಒಪ್ಪಿ, ದಿನಾ ಬೆಳಿಗ್ಗೆ ನಿಮ್ಮ ಎದುರಿಗೆ ನುಂಗಿದರೆ ಅದೇ ಮಾತ್ರೆ ತುಂಬಾ ಉಪಯೋಗಕ್ಕೆ ಬರುತ್ತದೆ. ಒಬ್ಬರೇ ತೆಗೆದುಕೊಳ್ಳುವುದಕ್ಕಿಂತ ಹೀಗೆ ಎದುರಿಗೆ ತೆಗೆದುಕೊಂಡಾಗ ಫಲ ಹೆಚ್ಚು. ಬೇಕಿರುವುದು ಇಬ್ಬರ ಒಪ್ಪಂದ. ಕದ್ದು ಕೊಟ್ಟದ್ದು ಗೊತ್ತಾದ ದಿನ ಅವರು ನಿಮ್ಮನ್ನು ನಂಬುವುದು ನಿಲ್ಲಿಸುತ್ತಾರೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಿಗಳೂ ಉಂಟು, ವೈದ್ಯರಲ್ಲಿ ಕೇಳಿ.

ಪ್ರಶ್ನೆ (ಸುರತ್ಕಲ್‌ನ ಸದಸ್ಯೆ): ನನ್ನ ತಮ್ಮ ಆಸ್ಪತ್ರೆಯ ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಅವನೇ ಬರದಿದ್ದರೆ ನಾವು ಮಾಡುವುದು ಏನೂ ಇಲ್ಲ ಅಲ್ವಾ?

ಉತ್ತರ: ಉಂಟು. ಮನೆಯವರಿಗೇ ತರಬೇತಿ ಕೊಡುವ ಒಂದು ವಿಧಾನ ಇದೆ, ಕ್ರಾಫ್ಟ್ ಎನ್ನುತ್ತಾರೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಬೇಡ ಎನ್ನುತ್ತಿದ್ದ 130 ಮಂದಿಯ ಮನೆಯವರನ್ನು ಮೂರು ಗುಂಪು ಮಾಡಿದರು. ಎಲ್ಲರೂ ಸೇರಿ ಎದುರು ಕೂರಿಸಿ ಒತ್ತಾಯ ಮಾಡುವ ಗುಂಪಿನಲ್ಲಿ ಶೇ. 30 ಮಂದಿ ಮಾತ್ರ ಚಿಕಿತ್ಸೆಗೆ ಬಂದರು. ಕ್ರಾಫ್ಟ್ ಕಲಿತವರ ಮನೆಯಲ್ಲಿ ಶೇ. 64.

ಅದರ ತಿರುಳು ಸರಳ. ಅವನು ಕುಡಿಯದೆ ಬಂದ ದಿನ ಒಟ್ಟಿಗೆ ಊಟ ಮಾಡಿ, ಮಾತಾಡಿ, ಇಷ್ಟದ್ದು ಮಾಡಿ ಬಡಿಸಿ. ಕುಡಿದು ಬಂದ ದಿನ ವಾದ ಬೇಡ, ಸುಮ್ನೆ ಒಳಗೆ ಹೋಗಿ. ಕುಡಿದು ಕೆಲಸಕ್ಕೆ ಹೋಗದಿದ್ದಾಗ "ಅವನಿಗೆ ಜ್ವರ" ಎಂದು ಫೋನ್ ಮಾಡಬೇಡಿ. ಬಾರಿನ ಬಾಕಿ ತೀರಿಸಲು ಸಂಘದಲ್ಲಿ ಸಾಲ ತೆಗೆಯಬೇಡಿ. ಕೊನೆಯದು ನಮ್ಮ ಹೆಂಗಸರಿಗೆ ಬಹಳ ಕಷ್ಟ, ಮರ್ಯಾದೆಯ ಪ್ರಶ್ನೆ ಎನಿಸುತ್ತದೆ. ಆದರೂ ಹೇಳುತ್ತೇನೆ, ಆ ಬಾಕಿ ಅವನದ್ದೇ ಆಗಿರಲಿ. ಬೆಳಿಗ್ಗೆ ತಲೆ ತಿಳಿಯಾದಾಗ, ಅವನೇ ಬೇಸರದಲ್ಲಿ "ಸಾಕಾಯ್ತು ಅಕ್ಕಾ" ಎನ್ನುವ ಹೊತ್ತು ಬರುತ್ತದೆ. ಆಗ ಎಲ್ಲಿಗೆ ಹೋಗುವುದು, ಯಾರು ಜೊತೆಗೆ ಬರುವುದು ಎಲ್ಲ ಮೊದಲೇ ತಯಾರಿರಲಿ.

ಕೈ ಎತ್ತುತ್ತಾನೆ ಎಂದಾದರೆ ಈ ಯಾವ ಮಾತೂ ಲೆಕ್ಕಕ್ಕಿಲ್ಲ. ಮೊದಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಹೊಡೆತ ಸಹಿಸಿಕೊಳ್ಳುವುದನ್ನು ಯಾರೂ ಬೆಂಬಲ ಎಂದು ಕರೆಯಬಾರದು.

ಪ್ರಶ್ನೆ (ಕುಂದಾಪುರದ ಸದಸ್ಯ): ಎಎ ಮೀಟಿಂಗ್ ಚರ್ಚಿನ ಹಾಲ್‌ನಲ್ಲಿ ನಡೆಯುತ್ತದೆ, ಧರ್ಮಸ್ಥಳದವರ ಶಿಬಿರವೂ ಉಂಟು. ಯಾವುದಕ್ಕೆ ಯಾರು ಹೋಗಬಹುದು?

ಉತ್ತರ: ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು, 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಯಾವ ಧರ್ಮಕ್ಕೂ ಸೇರಿದ್ದಲ್ಲ, ಫೀಸ್ ಇಲ್ಲ. ಕುಡಿತ ಬಿಡಬೇಕು ಎಂಬ ಆಸೆ ಇದ್ದರೆ ಸಾಕು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ, ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಹೊತ್ತಿಗೆ ಶೇ. 42 ಮಂದಿ ಪೂರ್ತಿ ಕುಡಿಯದೆ ಇದ್ದರು, ಬೇರೆ ಚಿಕಿತ್ಸೆಗಳಲ್ಲಿ ಶೇ. 35. ಹೆಂಡತಿ, ತಾಯಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪು ಉಂಟು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದ ನಂತರ, ಅಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿ ಇರುತ್ತದೆ. ನನ್ನ ಪ್ರಕಾರ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ. ಶಿಬಿರ ಮುಗಿಸಿ ಸಮಿತಿಗೆ ಹೋಗದವರು ಅರ್ಧ ದಾರಿಯಲ್ಲಿ ನಿಂತಂತೆ. ಹತ್ತಿರದ್ದು, ಪ್ರತಿ ವಾರ ತಪ್ಪದೆ ಹೋಗಲಾಗುವುದು ಯಾವುದೋ ಅದನ್ನೇ ಹಿಡಿಯಿರಿ. ಜೊತೆಗೆ ಫಿಟ್ಸ್, ಲಿವರ್ ತೊಂದರೆ, ಖಿನ್ನತೆ ಇದ್ದರೆ ಮೊದಲು ವೈದ್ಯರು.

ಪ್ರತಿಕ್ರಿಯೆ (ಬಜಪೆಯ ಸದಸ್ಯ): ನಾನು ಬಿಟ್ಟು ಕೆಲವು ವರ್ಷವಾಯಿತು. ನನಗೆ ಅತಿ ಕಷ್ಟವಾದದ್ದು ಮದುವೆ ಹಿಂದಿನ ದಿನದ ಮೆಹೆಂದಿ. "ಒಂದು ಪೆಗ್‌ಗೆ ಏನಾಗ್ತದೆ ಮಾರಾಯಾ" ಅಂತ ಕೈಗೇ ಕೊಡುತ್ತಾರೆ. ಮೊದಲ ವರ್ಷ ನನ್ನ ಭಾವ ಎಲ್ಲ ಕಡೆ ಜೊತೆಗೆ ಬಂದರು. ಅವರೂ ಮುಟ್ಟಲಿಲ್ಲ. ಊಟ ಮಾಡಿ ಇಬ್ಬರೂ ಬೇಗ ಹೊರಡುತ್ತಿದ್ದೆವು.

ಉತ್ತರ: ಅಂಥ ಭಾವ ಎಲ್ಲರಿಗೂ ಸಿಗಲಿ. ಗಮನಿಸಿ, ಅವರೂ ಮುಟ್ಟಲಿಲ್ಲ. ಬಿಟ್ಟವರ ಎದುರಿಗೆ ಗ್ಲಾಸ್ ಹಿಡಿದು "ನೀನು ಕುಡಿಬೇಡ" ಎನ್ನುವುದು ಸಹಾಯವಲ್ಲ.

ಪ್ರಶ್ನೆ (ಮಲ್ಪೆಯ ಸದಸ್ಯೆ): ಹಾಗಾದರೆ ಬೋಟಿನ ಕೆಲಸವೇ ಬಿಡಿಸಬೇಕಾ? ಬೇರೆ ಕೆಲಸ ಗೊತ್ತಿಲ್ಲ ಅವರಿಗೆ.

ಉತ್ತರ: ಬಿಡಿಸಬೇಡಿ. ಕೆಲಸ ಇಲ್ಲದೆ ಮನೆಯಲ್ಲಿ ಕೂರುವುದು ಇನ್ನೂ ಅಪಾಯ. ಅವರು ಒಪ್ಪಿದರೆ ಇಬ್ಬರೂ ಹೋಗಿ ಬೋಟ್ ಮಾಲೀಕರ ಹತ್ತಿರ ಮಾತಾಡಿ. ದುಡ್ಡು ಕೈಗೆ ಕೊಡದೆ ಖಾತೆಗೆ ಹಾಕಲಿ. ಕೆಲವು ತಿಂಗಳು ಬಂದರಿನಲ್ಲೇ ಬಲೆ ರಿಪೇರಿ, ಐಸ್ ತುಂಬುವ ಕೆಲಸ ಸಿಗುತ್ತದಾ ಕೇಳಿ. ಕಡಲಿಗೆ ಹೋದರೆ, ಬೋಟು ವಾಪಸ್ ಬರುವ ದಿನ ಮೈದುನನೋ ಭಾವನೋ ದಕ್ಕೆಗೇ ಹೋಗಿ ಕರೆದುಕೊಂಡು ಬರಲಿ. ಅಪಾಯ ಇರುವುದು ಆ ಒಂದೆರಡು ಗಂಟೆಯಲ್ಲಿ. ರಾತ್ರಿ ಹೊತ್ತು ಏನಾದರೂ ಕೇಳಬೇಕಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಯ ಸಹಾಯವಾಣಿ 14446. ನೀವೂ ಮಾಡಬಹುದು, ಅವರೇ ಮಾಡಬೇಕೆಂದಿಲ್ಲ.