ರಿವರ್ಬ್ ಇಳಿಸಿದರೆ ಕೊಳಲೇ ಮಾಯ!

ಹಳೇಹಾರ್ಮೋನಿ:
ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವನು ನಾನು. ತಿದಿ ಒತ್ತೋದು, ನುಡಿಸೋದು, ಅಷ್ಟೇ ಗೊತ್ತು. ಹೋದ ವರ್ಷ ಮಗಳು 61 ಕೀಗಳ ಕೀಬೋರ್ಡ್ ಕೊಡಿಸಿದಳು. ಮನೆಯಲ್ಲಿ ಅದರದೇ ಸ್ಪೀಕರಿನಲ್ಲಿ ಕೊಳಲು ಅಂದರೆ ಜೇನು. ಮೊನ್ನೆ ಊರ ದೇವಸ್ಥಾನದ ಸಭಾಭವನದಲ್ಲಿ ಭಾವಗೀತೆ ಕಾರ್ಯಕ್ರಮ. ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಮಿಕ್ಸರಿಗೆ ಕೊಟ್ಟೆವು. ಕೊಳಲು ಬಾವಿಯೊಳಗಿಂದ ಬಂದ ಹಾಗೆ! ರಿದಮ್ಮಿನಲ್ಲಿ ಬೇಸೇ ಇಲ್ಲ, ಬರೀ ಚಿಣ್‌ಚಿಣ್. ಫಂಕ್ಷನ್ ಮೆನುವಿನಲ್ಲಿ ರಿವರ್ಬ್ (ಸದ್ದಿಗೆ ಅನುರಣನ ಸೇರಿಸುವ ಎಫೆಕ್ಟ್) ಲೆವೆಲ್ ಸೊನ್ನೆ ಮಾಡಿದೆ. ಬಾವಿ ಹೋಯಿತು, ಜೊತೆಗೆ ಕೊಳಲೂ ಹೋಯಿತು. ಹಾಡುವವರು ನನ್ನ ಮುಖ ನೋಡುತ್ತಾ ನಿಂತರು. ಕೊನೆಗೆ ಹಾರ್ಮೋನಿಯಂ ತರಿಸಿ ಮರ್ಯಾದೆ ಉಳಿಸಿಕೊಂಡೆ. ಮನೆಗೆ ತಂದು ಹಾಕಿದರೆ ಎಲ್ಲ ಸರಿ. ಮುಂದಿನ ಭಾನುವಾರ ಇನ್ನೊಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ, ಏನು ಮಾಡಲಿ?

ಶ್ರುತಿಪೆಟ್ಟಿಗೆ:
ಸರ್, ದೊಡ್ಡ ಸಭಾಂಗಣಕ್ಕೆ ಅದರದೇ ಅನುರಣನ ಇರುತ್ತೆ. ಅದರ ಮೇಲೆ ನೀವು ಹಾಲ್ ರಿವರ್ಬ್ ಹಾಕಿದರೆ ಗಂಜಿಗೆ ನೀರು ಸುರಿದ ಹಾಗೆ. ಚಿಕ್ಕ ಕೋಣೆಯಂಥ ಅನುರಣನ ಕೊಡುವ ರೂಮ್ ಟೈಪ್ ಇಟ್ಟು, ಲೆವೆಲ್ ಅರ್ಧಕ್ಕಿಂತ ಕೆಳಗಿರಲಿ. ಇನ್ನೊಂದು ವಿಷಯ, ಎಷ್ಟೋ ಕೀಬೋರ್ಡುಗಳಲ್ಲಿ ಸ್ಟೈಲ್ (ಕೀಬೋರ್ಡೇ ನುಡಿಸುವ ರಿದಮ್, ಪಕ್ಕವಾದ್ಯ) ಬದಲಿಸಿದ ಕೂಡಲೇ ರಿವರ್ಬ್ ಟೈಪ್ ತಾನೇ ಬದಲಾಗುತ್ತೆ. ಮೊದಲು ಸ್ಟೈಲ್ ಆರಿಸಿ, ಆಮೇಲೆ ರಿವರ್ಬ್.

ಹಳೇಹಾರ್ಮೋನಿ:
ಸ್ಟೈಲ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೆ ಕೊಳಲು ಮಾಯವಾಗಿದ್ದು ಯಾಕೆ?

ಮೈಕ್‌ಸೆಟ್‌ಹುಡುಗ:
ರಾಯರೇ, ಆ ವೈರಿನ ಪಿನ್ನಿನ ಮೇಲೆ ಎಷ್ಟು ಕಪ್ಪು ಉಂಗುರ ಇವೆ? ಎರಡೂ ತುದಿ ನೋಡಿ ಹೇಳಿ.

ಹಳೇಹಾರ್ಮೋನಿ:
ಎರಡೂ ಕಡೆ ಎರಡೆರಡು.

ಮೈಕ್‌ಸೆಟ್‌ಹುಡುಗ:
ಸಿಕ್ಕಿಬಿತ್ತು ನೋಡಿ. ಹೆಡ್‌ಫೋನ್ ತೂತಿನಿಂದ ಎಡ, ಬಲ ಎಂದು ಎರಡು ಸಿಗ್ನಲ್ ಬರುತ್ತೆ. ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ಉಂಗುರದ ಪಿನ್ ಸಿಕ್ಕರೆ ಎಡದಿಂದ ಬಲವನ್ನು ಕಳೆದುಬಿಡುತ್ತೆ. ನಟ್ಟನಡುವೆ ಇರುವ ಸದ್ದು ಎರಡೂ ಕಡೆ ಒಂದೇ ತರಹ ಇರೋದರಿಂದ ಕಳೆದರೆ ಸೊನ್ನೆ. ನಿಮ್ಮ ಬೇಸು, ಕೊಳಲು ಹೋಗಿದ್ದು ಹಾಗೆ. ರಿವರ್ಬ್ ಎಡಬಲಕ್ಕೆ ಬೇರೆಬೇರೆ ಇರುತ್ತೆ, ಅದೊಂದು ಉಳಿಯಿತು. ನೀವು ಅದನ್ನೂ ತೆಗೆದಿರಿ!

ವೈ ಕೇಬಲ್ ತಗೊಳ್ಳಿ. ಒಂದು ತುದಿಯಲ್ಲಿ ಎರಡು ಉಂಗುರದ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಒಂದೊಂದೇ ಉಂಗುರದ ಎರಡು ಮೋನೊ ಪಿನ್. ಎರಡು ಚಾನೆಲ್ಲಿಗೆ ಹಾಕಿ, ಎರಡರ ವಾಲ್ಯೂಮೂ ಸಮ. ಸಾದಾ ಮೋನೊ ವೈರ್ ನೇರ ಚುಚ್ಚಬೇಡಿ, ಬಲಗಡೆಯದು ಶಾರ್ಟ್ ಆಗುತ್ತೆ. ಈಕ್ಯೂ (ಬೇಸ್, ಟ್ರೆಬಲ್ ಹೆಚ್ಚುಕಡಿಮೆ ಮಾಡೋದು), ರಿವರ್ಬ್ ಎಲ್ಲ ಆಮೇಲೆ ಮುಟ್ಟಿ. ಸ್ಪೀಕರ್ ಮೋನೊ ಆದರೆ ಎರಡೂ ಚಾನೆಲ್ಲಿನ ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ತಿರುಗುಗುಂಡಿ) ನಡುವೆಯೇ ಇರಲಿ.

ಶ್ರುತಿಪೆಟ್ಟಿಗೆ:
ಅಯ್ಯೋ, ನಾನು ಅವರನ್ನು ಮೆನುವಿನಲ್ಲೇ ಸುತ್ತಾಡಿಸುತ್ತಿದ್ದೆ.

ಹಳೇಹಾರ್ಮೋನಿ:
ಇವತ್ತು ಕೇಬಲ್ ತಂದೆ. ಪಕ್ಕದ ಬೀದಿಯ ಆರ್ಕೆಸ್ಟ್ರಾ ಹುಡುಗರ ಮಿಕ್ಸರಿನಲ್ಲಿ ಹಾಕಿ ನೋಡಿದೆ, ಕೊಳಲು ವಾಪಸ್ ಬಂತು! ಬೇಸ್ ಎಷ್ಟು ಬಂತೆಂದರೆ ಅವರೇ ಮಿಕ್ಸರಿನಲ್ಲಿ ಲೋ ಸ್ವಲ್ಪ ಇಳಿಸಿದರು. ರೂಮ್ ಟೈಪ್, ಲೆವೆಲ್ 25ಕ್ಕೆ ಇಟ್ಟಿದ್ದೇನೆ. ಶ್ರುತಿಪೆಟ್ಟಿಗೆಯವರೇ, ನಿಮ್ಮ ಮಾತೂ ಸುಳ್ಳಾಗಲಿಲ್ಲ, ಸ್ಟೈಲ್ ಬದಲಿಸಿದಾಗಲೆಲ್ಲ ಅದು ಹಾಲ್‌ಗೆ ಹಾರುತ್ತಿದೆ. ಭಾನುವಾರಕ್ಕೆ ಹಾರ್ಮೋನಿಯಂ ಕೂಡ ಗಾಡಿಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.