ಕಾಡೆಮ್ಮೆ, ಆನೆಗೆ ಯಾವ ರೈಫಲ್, ಯಾವ ತೋಟಾ? ಕೋವಿ ಮೇಸ್ತ್ರಿ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಮೇಸ್ತ್ರಿ ಸರ್ ಗುಂಪಿನಲ್ಲಿ ಇರುತ್ತಾರೆ. ಆಫ್ರಿಕಾದಲ್ಲಿ ಬೇಟೆ ತಂಡಗಳ ದೊಡ್ಡ ರೈಫಲ್‌ಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಪರವಾನಗಿ ಕೊಡುವ ಆಫ್ರಿಕಾದ ದೇಶಗಳ ಬೇಟೆ ಬಗ್ಗೆ ಮಾತ್ರ ಕೇಳಿ. ಭಾರತದಲ್ಲಿ 1972ರ ಕಾಯ್ದೆ ಬಂದಮೇಲೆ ಬೇಟೆ ಅಪರಾಧ, ಆ ಮಾತು ತೆಗೆಯಲೇಬೇಡಿ. ಕೇಳುವ ಮುಂಚೆ ಮೇಲಿನದನ್ನು ಓದಿ.

ಸವನ್ನಾ ಕನಸು: ನಮಸ್ಕಾರ ಸರ್. ನಮೀಬಿಯಾದಲ್ಲಿ ಕಾಡೆಮ್ಮೆ ಬೇಟೆಗೆ ಬುಕ್ ಮಾಡಿದ್ದೇನೆ. ಇಲ್ಲಿಯವರೆಗೆ .30-06 ಬಿಟ್ಟು ಬೇರೆ ರೈಫಲ್ ಹಿಡಿದವನಲ್ಲ. .375 ಎಚ್ ಅಂಡ್ ಎಚ್, .416 ರಿಗ್ಬಿ, .458 ಲಾಟ್, ಈ ಮೂರು ದೊಡ್ಡ ತೋಟಾಗಳಲ್ಲಿ ಯಾವುದರ ರೈಫಲ್ ತಗೊಳ್ಳಲಿ?

ಕೋವಿ ಮೇಸ್ತ್ರಿ: ನಮಸ್ಕಾರ. .375 ತಗೊಳ್ಳಿ. 1912ರಲ್ಲಿ ಬಂದ ತೋಟಾ ಅದು. ಇವತ್ತಿಗೂ ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ ಕನಿಷ್ಠ ಅಂದರೆ ಅದೇ. ನಮೀಬಿಯಾದವರು ಶಕ್ತಿಯ ಲೆಕ್ಕದಲ್ಲಿ ನೋಡುತ್ತಾರೆ. ಕಾಡೆಮ್ಮೆ, ಆನೆಗೆ ನಳಿಗೆಯ ಬಾಯಲ್ಲಿ 5,400 ಜೌಲ್ ಇರಬೇಕು. 300 ಗ್ರೇನ್ (ಸುಮಾರು 19 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹೊರಟರೆ 5,700 ಜೌಲ್ ದಾಟುತ್ತದೆ. ಅಲ್ಲಿಗೆ ಕಾನೂನು ಪಾಸು.

ಒದೆತ ನಿಮ್ಮ .30-06ಗಿಂತ ಹೆಚ್ಚುಕಮ್ಮಿ ಎರಡರಷ್ಟು. ಅಭ್ಯಾಸ ಮಾಡಿದರೆ ತಡೆದುಕೊಳ್ಳಬಹುದು. .416, ಲಾಟ್ ಅದಕ್ಕಿಂತ ತುಂಬಾ ಜೋರು. ಒಂದು ಸಲ ಭುಜ ಹೆದರಿದರೆ ಟ್ರಿಗರ್ ಒತ್ತುವ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚುತ್ತದೆ, ಕೈ ಕೆಳಗೆ ಎಳೆಯುತ್ತದೆ. ಹೊಟ್ಟೆಗೆ ಬಿದ್ದ .458ಗಿಂತ ಹೃದಯಕ್ಕೆ ಬಿದ್ದ .375 ಸಾವಿರ ಪಾಲು ವಾಸಿ. ಟೇಬಲ್ ಮೇಲೆ ಇಟ್ಟು ಹೊಡೆಯುವ ಅಭ್ಯಾಸ ಬಿಡಿ. ನಿಂತು, ಮೂರು ಕಾಲಿನ ಕೋಲಿನ ಆಸರೆಯಲ್ಲಿ ಹೊಡೆಯಿರಿ. ಅಲ್ಲಿ ಹೊಡೆಯುವುದು ಹಾಗೇ.

ಹೊಸಬ: ಸರ್, ಆನೆಗೂ .375 ಸಾಕಾ?

ಕೋವಿ ಮೇಸ್ತ್ರಿ: ಕಾನೂನಿಗೆ ಸಾಕು. ಬಡಿದರೂ ಹಿಗ್ಗದ ಗಟ್ಟಿ ಗುಂಡು ಇರಬೇಕು, ಅಂದರೆ ಸಾಲಿಡ್. ತುದಿ ಚಪ್ಪಟೆ ಇದ್ದರೆ ಒಳಗೆ ನೇರವಾಗಿ ಹೋಗುತ್ತದೆ.

ಬೋಲ್ಟ್ ಬಾಬು: 9.3×62 ಯಾಕೆ ಹೇಳಲಿಲ್ಲ ಸರ್? 1905ರಿಂದ ಆಫ್ರಿಕಾದ ರೈತರು ಅದರಲ್ಲೇ ಹೊಡೆದವರು.

ಕೋವಿ ಮೇಸ್ತ್ರಿ: ನನಗೂ ಇಷ್ಟವಾದ ತೋಟಾ. ಆದರೆ 286 ಗ್ರೇನ್ ಗುಂಡಿನ ಮಾಮೂಲಿ ಕಾರ್ಖಾನೆ ಲೋಡ್ 4,800 ಜೌಲ್ ಹತ್ತಿರ ನಿಲ್ಲುತ್ತದೆ. ಅವರು ಹೋಗುತ್ತಿರುವುದು ನಮೀಬಿಯಾಕ್ಕೆ. ಲೆಕ್ಕ ನೀವೇ ಮಾಡಿ.

ಹಳೇ ಸರಕು: ಸರ್, ನನ್ನದು ಸ್ವಲ್ಪ ಬೇರೆ. ಸೆಕೆಂಡ್ ಹ್ಯಾಂಡ್ .458 ವಿಂಚೆಸ್ಟರ್ ಮ್ಯಾಗ್ನಮ್ ಸಿಕ್ಕಿದೆ. ಹಳೇ ಮಾಲೀಕರು ಜೊತೆಗೆ ತೋಟಾಗಳನ್ನೂ ಕೊಟ್ಟರು, ಅವೂ ಹಳೆಯವು. ಮೊನ್ನೆ ರೇಂಜ್‌ನಲ್ಲಿ ಒಂದು ತೋಟಾ 'ಫುಸ್' ಅಂತು. ಒದೆತವೇ ಇಲ್ಲ, ಗುರಿಹಲಗೆಯಲ್ಲಿ ತೂತೂ ಇಲ್ಲ. ತಪ್ಪಿತೇನೋ ಅಂದುಕೊಂಡು ಇನ್ನೊಂದು ಹಾಕಿ ಹೊಡೆದೆ. ಅದು ಭಯಂಕರ ಒದೆಯಿತು, ತೋಟಾದ ಹಿಂದೆ ಮುಚ್ಚುವ ಬೋಲ್ಟ್ ಎತ್ತೋದೇ ಕಷ್ಟ ಆಯ್ತು. ಆಮೇಲಿನವು ಸರಿ ಇದ್ದವು, ಆದರೆ ಗುಂಡುಗಳು ಒಂದೇ ಕಡೆ ಬೀಳದೆ ಗುಂಪು ಚದುರುತ್ತಿದೆ. ಮುಂದಿನ ಸೀಸನ್‌ಗೆ ಜಿಂಬಾಬ್ವೆಗೆ ಒಯ್ಯಬಹುದಾ?

ಗುಂಡಿನ ಲೆಕ್ಕ: ಸರ್, ಗುಂಡಿನ ತೂಕ, ವೇಗ, ಅಗಲ ಗುಣಿಸುವ ಟೇಲರ್ ನಾಕ್‌ಔಟ್ ಸೂತ್ರದಲ್ಲಿ .375ಗೆ 40, .458ಗೆ ಸುಮಾರು 67 ಬರುತ್ತೆ. ಹಾಗಾದರೆ .458 ಒಂದೂವರೆ ಪಟ್ಟು ಜಾಸ್ತಿ ಕೊಲ್ಲುತ್ತೆ ಅಂತ ಅಲ್ವಾ?

ಕೋವಿ ಮೇಸ್ತ್ರಿ: ಲೆಕ್ಕದವರೇ, ಸ್ವಲ್ಪ ತಡೆಯಿರಿ. ಮೊದಲು ಹಳೇ ಸರಕು.

ಸ್ವಾಮಿ, ಆ ರೈಫಲ್ ಇನ್ನು ಒಂದೇ ಒಂದು ಸಲವೂ ಹೊಡೆಯಬೇಡಿ. ನೀವು ಬದುಕಿರುವುದು ಆ ಬ್ಯಾರೆಲ್ ದಪ್ಪ ಇದ್ದದ್ದಕ್ಕೆ.

ಆದದ್ದು ಏನು ಅಂತ ನನಗೆ ಅನಿಸುವುದು ಹೇಳುತ್ತೇನೆ. 'ಫುಸ್' ಅಂದ ತೋಟಾದಲ್ಲಿ ಮದ್ದು ಸರಿಯಾಗಿ ಉರಿದಿಲ್ಲ. ಗುಂಡು ಹೊರಗೆ ಹೋಗದೆ ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಹಲಗೆಯಲ್ಲಿ ತೂತಿಲ್ಲ. ಅದರ ಹಿಂದೆ ನೀವು ಪೂರ್ತಿ ಶಕ್ತಿಯ ತೋಟಾ ಹೊಡೆದಿರಿ. ಎರಡನೇ ಗುಂಡು ಮೊದಲನೆಯದಕ್ಕೆ ಗುದ್ದಿ, ಎರಡೂ ಒಟ್ಟಿಗೆ ಹೊರಗೆ ಬಿದ್ದಿವೆ. ಆ ಒದೆತ, ಆ ಬಿಗಿಯಾದ ಬೋಲ್ಟ್, ಈಗ ಚದುರುವ ಗುಂಪು, ಮೂರೂ ಒಂದೇ ಕಥೆ ಹೇಳುತ್ತವೆ.

.458 ವಿಂಚೆಸ್ಟರ್‌ನ ಹಳೇ ತೋಟಾ ಅಂದರೆ ನನಗೆ ಮೊದಲಿನಿಂದಲೂ ಅನುಮಾನ. 1956ರಲ್ಲಿ ಅದನ್ನು ಮಾಡುವಾಗ ಮಾಮೂಲಿ ಉದ್ದದ ಆಕ್ಷನ್‌ನಲ್ಲಿ, ಅಂದರೆ ಬೋಲ್ಟ್ ಓಡಾಡುವ ಭಾಗದಲ್ಲಿ, ಕೂರಲಿ ಅಂತ ತೋಟಾದ ಹಿತ್ತಾಳೆ ಕವಚವನ್ನು ಎರಡೂವರೆ ಇಂಚಿಗೆ ನಿಲ್ಲಿಸಿದರು. 500 ಗ್ರೇನ್ ಗುಂಡು ಒಳಗೆ ಕೂತಮೇಲೆ ಮದ್ದಿಗೆ ಜಾಗ ಸಾಲದು. ಅದನ್ನು ಒತ್ತಿ ಒತ್ತಿ ತುಂಬುತ್ತಿದ್ದರು. ವರ್ಷಗಟ್ಟಲೆ ಇಟ್ಟಾಗ ಒತ್ತಿದ ಮದ್ದು ಗಟ್ಟಿಯಾಗಿ ಹೆಂಟೆ ಕಟ್ಟುತ್ತಿತ್ತು. ಕೆಲವು ಪೂರ್ತಿ ಉರಿಯವು, ಕೆಲವು ನಿಧಾನಕ್ಕೆ ಉರಿಯುವವು. ಕಾಡೆಮ್ಮೆ ಎದುರಿಗೆ ನಿಂತಾಗ ಹೀಗಾದ ಕಥೆಗಳು ಆ ತೋಟಾದ ಹೆಸರು ಕೆಡಿಸಿದವು. ಜ್ಯಾಕ್ ಲಾಟ್ ಕವಚವನ್ನು 2.8 ಇಂಚಿಗೆ ಉದ್ದ ಮಾಡಿ ತಮ್ಮ ಹೆಸರಿನ ತೋಟಾ ಮಾಡಿದ್ದಕ್ಕೆ ಇದೂ ಒಂದು ಕಾರಣ. ಈಗಿನ ಕಾರ್ಖಾನೆಯ .458 ವಿಂಚೆಸ್ಟರ್ ಚೆನ್ನಾಗಿದೆ, ಅದರ ಮೇಲೆ ದೂರಿಲ್ಲ. ನಿಮ್ಮ ಹತ್ತಿರ ಇರುವುದು ಅದಲ್ಲ.

ಈಗ ಮಾಡಬೇಕಾದ್ದು. ಬೋಲ್ಟ್ ತೆಗೆಯಿರಿ. ಹಿಂದಿನಿಂದ ಬೆಳಕು ಬಿಟ್ಟು ನಳಿಗೆಯೊಳಗೆ ನೋಡಿ. ಎಲ್ಲಾದರೂ ಕಪ್ಪು ಉಂಗುರದ ಹಾಗೆ ನೆರಳು ಕಾಣುತ್ತದಾ? ಹೊರಗಿನಿಂದ ನಿಧಾನವಾಗಿ ಬೆರಳು ಆಡಿಸಿ, ಉಬ್ಬು ಸಿಗುತ್ತದಾ? ಬಿಗಿಯಾದ ಬಟ್ಟೆ ತುಂಡು ಕಟ್ಟಿದ ಕೋಲನ್ನು ತಳ್ಳಿ. ಮಧ್ಯದಲ್ಲಿ ಒಂದು ಕಡೆ ಫಕ್ಕನೆ ಸಡಿಲ ಆಗುತ್ತದಾ? ಇಷ್ಟು ನೋಡಿ ಬರೆಯಿರಿ. ಬೋಲ್ಟ್‌ನ ಹಿಡಿತದ ಹಲ್ಲುಗಳನ್ನು ಬಿರುಕಿಗಾಗಿ ಪರೀಕ್ಷೆ ಮಾಡಿಸಬೇಕು, ಅದು ಮನೆಯಲ್ಲಿ ಆಗದು. ಹಳೇ ತೋಟಾ ಎಲ್ಲವನ್ನೂ ಬೇರೆ ಇಡಿ.

ಎಲ್ಲರೂ ಕೇಳಿ. ಟ್ರಿಗರ್ ಒತ್ತಿದರೂ ಹೊಡೆಯದಿದ್ದರೆ ಬಾಯಿ ಗುರಿಯತ್ತಲೇ ಇಟ್ಟು ಒಂದು ನಿಮಿಷ ಕಾಯಿರಿ, ತಡವಾಗಿ ಹತ್ತಿಕೊಳ್ಳಬಹುದು. ಸದ್ದು ಕಡಿಮೆ ಆದರೆ, ಒದೆತ ಕಡಿಮೆ ಆದರೆ, ನಳಿಗೆಯೊಳಗೆ ನೋಡದೆ ಇನ್ನೊಂದು ತೋಟಾ ಹಾಕಲೇಬಾರದು.

ಶುಭೋದಯ: ಹಳೇ ತೋಟಾಗೆ ಪರಿಹಾರ ಇದೆ, ಫಾರ್ವರ್ಡ್ ಬಂದಿದೆ. ಎರಡು ದಿನ ಬಿಸಿಲಲ್ಲಿ ಒಣಗಿಸಿ, ಮೇಲೆ ತೆಳ್ಳಗೆ ಎಣ್ಣೆ ಸವರಿದರೆ ಮದ್ದು ಸಡಿಲ ಆಗುತ್ತದಂತೆ. 🙏

ಕೋವಿ ಮೇಸ್ತ್ರಿ: ಇದನ್ನು ಡಿಲೀಟ್ ಮಾಡಿ. ಹೆಂಟೆ ಕಟ್ಟಿದ ಮದ್ದು ಬಿಸಿಲಿಗೆ ಬಿಡಿಯಾಗುವುದಿಲ್ಲ. ಕಾದ ತೋಟಾದ ಒತ್ತಡ ಏರುತ್ತದೆ. ಎಣ್ಣೆ ಸವರಿದರೆ ಕವಚ ನಳಿಗೆಯಲ್ಲಿ ತೋಟಾ ಕೂರುವ ಕೋಣೆಯ ಗೋಡೆಯನ್ನು ಹಿಡಿಯುವುದಿಲ್ಲ, ಪೂರ್ತಿ ತಳ್ಳು ಬೋಲ್ಟ್ ಮೇಲೆ ಬೀಳುತ್ತದೆ. ಬೋಲ್ಟ್ ಹಿಂದೆ ಇರುವುದು ನಿಮ್ಮ ಮುಖ.

ಶುಭೋದಯ: ಸುಮ್ನೆ ಹಂಚಿಕೊಂಡೆ ಸರ್. ಇನ್ನೊಂದೂ ಇದೆ. ಸಾಲಿಡ್ ಗುಂಡಿನ ತುದಿಯನ್ನು ಅರದಿಂದ ಅಡ್ಡ ಗೀರಿದರೆ ಎರಡರಷ್ಟು ಗಾಯ ಆಗುತ್ತದಂತೆ.

ಕೋವಿ ಮೇಸ್ತ್ರಿ: ಎಷ್ಟು ಸಲ ಹೇಳಬೇಕು? ತಾಮ್ರದ ಹೊದಿಕೆಯ ಗುಂಡಿಗೆ ಎಷ್ಟೋ ಸಲ ಹಿಂಭಾಗ ತೆರೆದೇ ಇರುತ್ತದೆ. ತುದಿಯನ್ನೂ ತೆರೆದರೆ ಅದು ಕೊಳವೆ. ಸೀಸ ಮುಂದೆ ಹಾರಿಹೋಗಿ ಹೊದಿಕೆ ನಳಿಗೆಯಲ್ಲೇ ಉಳಿಯಬಹುದು. ಆಮೇಲೆ ಹಳೇ ಸರಕು ಅವರ ಕಥೆಯೇ. ಒಳಗೆ ಹೋದಮೇಲೆ ಅಗಲವಾಗಿ ಹಿಗ್ಗುವ ಗುಂಡು ಬೇಕಾದರೆ ಅಂಗಡಿಯಲ್ಲಿ ಸಿಗುತ್ತದೆ: ಸ್ವಿಫ್ಟ್ ಎ-ಫ್ರೇಮ್, ಬಾರ್ನ್ಸ್ ಟಿಎಸ್‌ಎಕ್ಸ್, ನಾಸ್ಲರ್ ಪಾರ್ಟಿಶನ್. ಇನ್ನು ಫಾರ್ವರ್ಡ್ ಹಾಕಬೇಡಿ.

ಸವನ್ನಾ ಕನಸು: ಹಾಗಾದರೆ ಕಾಡೆಮ್ಮೆಗೆ ಹಿಗ್ಗುವುದಾ, ಸಾಲಿಡ್ಡಾ ಸರ್?

ಕೋವಿ ಮೇಸ್ತ್ರಿ: ಮೊದಲನೆಯದು ಗಟ್ಟಿಯಾಗಿ ಕಟ್ಟಿದ ಹಿಗ್ಗುವ ಗುಂಡು. ಅದು ಹಿಂಡಿನಲ್ಲಿ ಈ ಎಮ್ಮೆಯನ್ನು ದಾಟಿ ಆ ಎಮ್ಮೆಗೆ ಹೋಗುವುದು ಕಡಿಮೆ. ಹೊಡೆದಮೇಲೆ ಎಮ್ಮೆ ತಿರುಗಿ ಓಡುತ್ತದೆ. ಆಗ ಹಿಂದಿನಿಂದ ಉದ್ದಕ್ಕೂ ತೂರಬೇಕು, ಅದಕ್ಕೆ ಎರಡನೆಯದರಿಂದ ಸಾಲಿಡ್ ಇಡುವವರು ಜಾಸ್ತಿ. ಹೃದಯ ನೀವು ಅಂದುಕೊಂಡದ್ದಕ್ಕಿಂತ ಕೆಳಗೆ, ಮುಂದೆ ಇರುತ್ತದೆ. ಮುಂಗಾಲಿನ ಗೆರೆ ಹಿಡಿದು ಮೈಯ ಎತ್ತರದ ಮೂರರಲ್ಲಿ ಒಂದು ಭಾಗ ಮೇಲೆ.

ಜೋಡುನಳಿಗೆ: ಎಲ್ಲ ಬೋಲ್ಟ್ ಕಥೆಯೇ ಆಯ್ತು. ಅಪಾಯದ ಪ್ರಾಣಿಗೆ ಜೋಡುನಳಿಗೆ ಬಿಟ್ಟು ಬೇರೆ ಇಲ್ಲ. .470 ನೈಟ್ರೋ ಎಕ್ಸ್‌ಪ್ರೆಸ್. ಎರಡು ಟ್ರಿಗರ್, ಎರಡು ಲಾಕ್. ಒಂದು ಕೈಕೊಟ್ಟರೆ ಇನ್ನೊಂದಿದೆ.

ಬೋಲ್ಟ್ ಬಾಬು: ಮೂರನೇ ಗುಂಡು ಬೇಕಾದಾಗ ಏನು ಮಾಡ್ತೀರಿ? ಎಮ್ಮೆಗೆ ಸ್ವಲ್ಪ ಇರು ಅಂತ ಹೇಳ್ತೀರಾ?

ಜೋಡುನಳಿಗೆ: ಎರಡರಲ್ಲಿ ಬೀಳಿಸಲಾಗದವನು ಐದರಲ್ಲೂ ಬೀಳಿಸಲಾರ.

ಬೋಲ್ಟ್ ಬಾಬು: ಮಾತು ಚೆನ್ನಾಗಿದೆ. ಕಾಡಲ್ಲಿ ಹೊಡೆದಿದ್ದೀರಾ, ಇಲ್ಲ ಶೋಕೇಸ್‌ನಲ್ಲಿ ಇಟ್ಟಿದ್ದೀರಾ?

ಕೋವಿ ಮೇಸ್ತ್ರಿ: ಇಬ್ಬರೂ ಸರಿ, ಇಬ್ಬರೂ ತಪ್ಪು. ಜೋಡುನಳಿಗೆಯನ್ನು ಒಂದು ತೂಕದ ಗುಂಡು, ಒಂದು ವೇಗಕ್ಕೆ ಕೂಡಿಸಿರುತ್ತಾರೆ. .470 ಅಂದರೆ 500 ಗ್ರೇನ್, ಸೆಕೆಂಡಿಗೆ 650 ಮೀಟರ್ ಆಸುಪಾಸು. ತೋಟಾ ಬದಲಿಸಿದರೆ ಎರಡು ನಳಿಗೆ ಎರಡು ದಾರಿ ಹಿಡಿಯುತ್ತವೆ. ಹತ್ತಿರದ ಪೊದೆಯಲ್ಲಿ ಗಾಯಗೊಂಡದ್ದನ್ನು ಹುಡುಕುವ ಗೈಡ್ ಕೈಯಲ್ಲಿ ಅದಕ್ಕೆ ಸಾಟಿ ಇಲ್ಲ. ಮೊದಲ ಸಲ ಹೋಗುವವರಿಗೆ ಬೋಲ್ಟ್ ಸಾಕು.

ಆದರೆ ಬೋಲ್ಟ್ ಅಂದರೆ ಮೌಸರ್ 98 ಮಾದರಿಯ ದೊಡ್ಡ ಉಗುರು ಇರುವುದು. ಮ್ಯಾಗಝಿನ್‌ನಿಂದ ಎದ್ದ ತಕ್ಷಣ ತೋಟಾವನ್ನು ಉಗುರು ಹಿಡಿಯುತ್ತದೆ. ತಳ್ಳಿ ಕೂರಿಸುವ ಮಾದರಿಯಲ್ಲಿ, ಗಾಬರಿಯಲ್ಲಿ ಬೋಲ್ಟ್ ಪೂರ್ತಿ ಮುಚ್ಚದೆ ಹಿಂದಕ್ಕೆ ಎಳೆದರೆ ಮೊದಲನೆಯ ತೋಟಾ ಕೋಣೆಯಲ್ಲೇ ಕೂತಿರುತ್ತದೆ. ಅದರ ಹಿಂದೆ ಎರಡನೆಯದು ಹೋಗಿ ಗುದ್ದುತ್ತದೆ. ಎಮ್ಮೆ ಬರುತ್ತಿರುವಾಗ ಅದನ್ನು ಬಿಡಿಸುತ್ತಾ ಕೂರಲಾಗದು.

ಹೊಸಬ: ಸ್ಕೋಪ್ ಎಷ್ಟು ಪವರ್ ಹಾಕಬೇಕು ಸರ್?

ಅಲೆಮಾರಿ: ಸರ್ .375 ಸಿಂಹಕ್ಕೆ ಸಾಕಾ?

ಕೋವಿ ಮೇಸ್ತ್ರಿ: ಸಾಕು. ತೆಳು ಚರ್ಮ. ಹಿಗ್ಗುವ ಗುಂಡು.

ಕಾಡು ಕಾಯೋಣ: ಇಷ್ಟು ಹೊತ್ತು ಓದಿದೆ. ಬೇಸರ ಆಗುತ್ತೆ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. ನೀವು ಇನ್ನೂ ಹೃದಯ ಎಲ್ಲಿದೆ ಅಂತ ಹುಡುಕುತ್ತಿದ್ದೀರಿ.

ಜೋಡುನಳಿಗೆ: ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ಶುರು ಮಾಡಿತು. ಅದನ್ನೂ ಹೇಳಿ.

ಕಾಡು ಕಾಯೋಣ: ದುಡ್ಡಿಗೋಸ್ಕರ.

ಬೋಲ್ಟ್ ಬಾಬು: ನಮೀಬಿಯಾದಲ್ಲಿ 1996ರ ಕಾನೂನಿನಿಂದ ಹಳ್ಳಿ ಸಂಘಗಳಿಗೇ ಕಾಡುಪ್ರಾಣಿಗಳ ಹಕ್ಕು ಬಂದಿದೆ. ಬೇಟೆಯ ದುಡ್ಡು ಅಲ್ಲಿಗೂ ಹೋಗುತ್ತೆ. ಓದಿಕೊಂಡು ಬನ್ನಿ.

ಕಾಡು ಕಾಯೋಣ: ನೀವು ಹೇಳಿದ್ದೇ ವೇದ ಅಲ್ವಾ.

ಅಡ್ಮಿನ್: ಈ ಚರ್ಚೆ ಬೇರೆ ಪೋಸ್ಟ್‌ನಲ್ಲಿ ಮಾಡಿ ದಯವಿಟ್ಟು.

ಗುಂಡಿನ ಲೆಕ್ಕ: ನನ್ನ ಪ್ರಶ್ನೆ ಹಾಗೇ ಉಳಿಯಿತು. ಮತ್ತೆ, ಹಳೇ ಕಾಲದ ದಂತದ ಬೇಟೆಗಾರ ಕರಮೋಜೊ ಬೆಲ್ ಸಾವಿರಕ್ಕೂ ಹೆಚ್ಚು ಆನೆ ಹೊಡೆದದ್ದು ಬಹುಪಾಲು 7 ಮಿಮೀ ರೈಫಲ್‌ನಲ್ಲಿ. ಹಾಗಾದರೆ ಈ .375, .458 ಎಲ್ಲ ಮಾರುವವರ ಆಟ ಅಲ್ವಾ?

ಕೋವಿ ಮೇಸ್ತ್ರಿ: ಟೇಲರ್ ಸೂತ್ರ ಆನೆಯ ಮಿದುಳಿಗೆ ಸ್ವಲ್ಪದರಲ್ಲಿ ತಪ್ಪಿದ ಗುಂಡು ಎಷ್ಟು ಮಂಕು ಹಿಡಿಸುತ್ತದೆ ಅಂತ ಅಂದಾಜು ಮಾಡಲು. ಕೊಲ್ಲುವ ಅಳತೆ ಅಲ್ಲ. ಸಿನಿಮಾದಲ್ಲಿ ಹಿಂದಕ್ಕೆ ಎಸೆದ ಹಾಗೆ ಬೀಳುವುದೂ ಸುಳ್ಳು. .375 ಗುಂಡಿನ ಪೂರ್ತಿ ತಳ್ಳು 700 ಕಿಲೋ ಎಮ್ಮೆಗೆ ಸಿಕ್ಕರೂ ಅದು ಸೆಕೆಂಡಿಗೆ ಎರಡು ಸೆಂಟಿಮೀಟರ್ ಜರುಗೀತು. ಕೊಲ್ಲುವುದು ತೂತು. ಎಲ್ಲಿ ಬಿತ್ತು, ಎಷ್ಟು ಆಳ ಹೋಯಿತು, ಅಷ್ಟೇ.

ಬೆಲ್ ಆನೆ ತಲೆಬುರುಡೆ ಕುಯ್ದು ಮಿದುಳಿನ ಜಾಗ ಕಲಿತವರು. ಉದ್ದನೆಯ ಸಾಲಿಡ್ ಗುಂಡು, ಬೆದರದ ಆನೆ, ಅಸಾಧ್ಯ ಗುರಿ. ಇವತ್ತು ಅದೇ ರೈಫಲ್ ಹಿಡಿದು ಆನೆ ಬೇಟೆಗೆ ಹೋದರೆ ಪರವಾನಗಿಯೇ ಸಿಗದು.

ಗುಂಡಿನ ಲೆಕ್ಕ: ಅಂದರೆ ಚೆನ್ನಾಗಿ ಹೊಡೆಯುವವನಿಗೆ 7 ಮಿಮೀ ಸಾಕು ಅಂತ ನೀವೇ ಒಪ್ಪಿದಿರಿ.

ಕೋವಿ ಮೇಸ್ತ್ರಿ: ನೀವು ಬೆಲ್ ಅಲ್ಲ.

ಗುಂಡಿನ ಲೆಕ್ಕ: ಇದು ಉತ್ತರ ಅಲ್ಲ ಸರ್. ಗೌರವದಿಂದ ಕೇಳಿದ್ದೆ.

ಜೋಡುನಳಿಗೆ: .470 ಹುಟ್ಟಿದ್ದೇ ಬ್ರಿಟಿಷರು ಭಾರತದಲ್ಲಿ .450 ಅಳತೆ ನಿಷೇಧಿಸಿದ್ದಕ್ಕೆ, ದಂಗೆಯವರ ಕೈಗೆ ಸೇರೀತು ಅಂತ. ಆ ಇತಿಹಾಸ ಯಾರಿಗೂ ಬೇಡ, ಬರೀ ಲೆಕ್ಕ.

ಹೊಸಬ: ಸರ್ ಸ್ಕೋಪ್ ಬಗ್ಗೆ ಕೇಳಿದ್ದೆ...

ಹಳೇ ಸರಕು: ಮೇಸ್ತ್ರಿ ಸರ್, ನೋಡಿದೆ. ಬೆರಳು ಆಡಿಸಿದರೆ ನಳಿಗೆಯ ನಡುವೆ ಸಣ್ಣ ಉಬ್ಬು ಸಿಗುತ್ತದೆ. ಬಟ್ಟೆಯೂ ಅಲ್ಲೇ ಸಡಿಲ ಆಗುತ್ತದೆ. ಗೊತ್ತಿದ್ದವರೊಬ್ಬರು ತೋಟಾ ಬಿಚ್ಚಿದರು. ಕೆಲವದರಲ್ಲಿ ಮದ್ದು ಸುರಿಯಲೇ ಇಲ್ಲ, ಕಡ್ಡಿಯಲ್ಲಿ ಕೆದಕಬೇಕಾಯ್ತು.

ಕೋವಿ ಮೇಸ್ತ್ರಿ: ಹಾಗಾದರೆ ಆ ಬ್ಯಾರೆಲ್ ಮುಗಿಯಿತು. ಉಬ್ಬನ್ನು ತಟ್ಟಿ ಕೂರಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಆಕ್ಷನ್ ಮತ್ತು ಬೋಲ್ಟ್ ಬಿರುಕು ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಹೊಸ ಬ್ಯಾರೆಲ್. ಇಲ್ಲದಿದ್ದರೆ ಎಲ್ಲವೂ ಗುಜರಿ.

ಹಳೇ ಸರಕು: ಹೊಸದು ಹಾಕಿಸುವುದಾದರೆ ಲಾಟ್‌ಗೇ ಹಾಕಿಸಲಾ? ಇನ್ನೊಂದು ಡಬ್ಬಿ ತೋಟಾ ಇದೆ, ಅದರದ್ದು ಅಲ್ಲಾಡಿಸಿದರೆ ಮದ್ದಿನ ಸದ್ದು ಬರುತ್ತೆ. ಅದನ್ನಾದರೂ ಬಳಸಬಹುದಾ?

ಕೋವಿ ಮೇಸ್ತ್ರಿ: ಲಾಟ್ ಕೋಣೆಯಲ್ಲಿ .458 ವಿಂಚೆಸ್ಟರ್ ಕೂಡ ಹೊಡೆಯಬಹುದು, ಅದು ಅನುಕೂಲ. ನಿಮ್ಮ ಮ್ಯಾಗಝಿನ್‌ನಲ್ಲಿ ಲಾಟ್‌ನ ಉದ್ದ ಕೂರುತ್ತದಾ ಮೊದಲು ಅಳೆಸಿ. ಆ ಡಬ್ಬಿ ಬೇಡ.

ಬೋಲ್ಟ್ ಬಾಬು: ಸದ್ದು ಬಂದರೆ ಮದ್ದು ಸಡಿಲ ಇದೆ ಅಂತ ತಾನೆ? ಒಂದೆರಡು ಹೊಡೆದು ನೋಡಬಹುದಲ್ವಾ?

ಕೋವಿ ಮೇಸ್ತ್ರಿ: ನೀವು ಹೊಡೆಯಿರಿ.