ಕಥೆಯ ಎಳೆ ಸಿಗುತ್ತದೆ, ಎರಡು ಪುಟ ದಾಟುವುದಿಲ್ಲ. ಏನು ಮಾಡ್ತೀರಿ?

ಅರೆಬರೆ:
ಎಲ್ಲರಿಗೂ ನಮಸ್ಕಾರ. ಬರೆಯೋಕೆ ವಸ್ತುವೇ ಸಿಗುವುದಿಲ್ಲ ಅಂತ ಗೊಣಗುವವರೇ ಜಾಸ್ತಿ, ನನ್ನದು ಉಲ್ಟಾ. ಎಳೆಗಳು ಬೇಕಾದಷ್ಟಿವೆ, ಫೋನಿನ ನೋಟ್ಸ್ ತುಂಬ ಅವೇ. ಬರೆಯಲು ಕೂತರೆ ಮಾತ್ರ ಎರಡನೇ ಪುಟಕ್ಕೇ ಉಸಿರು ಕಟ್ಟುತ್ತದೆ. ಒಂದು ಹೇಳ್ತೀನಿ ನೋಡಿ. ಲಿಫ್ಟಿನಲ್ಲಿ ಪಕ್ಕ ನಿಂತಿದ್ದ ಹೆಂಗಸೊಬ್ಬರು ಫೋನಿನಲ್ಲಿ ಮೆಲ್ಲಗೆ "ಇಲ್ಲ, ಅವನಿಗೆ ಇನ್ನೂ ಹೇಳಿಲ್ಲ" ಅಂದರು, ಬಾಗಿಲು ತೆರೆಯುತ್ತಲೇ ಎದುರಿಗಿದ್ದವನನ್ನು ನೋಡಿ ಬಾಯಿ ತುಂಬ ನಕ್ಕರು. ಇದರಲ್ಲಿ ಕಥೆ ಇದೆ ಅಂತ ಅನಿಸಿತು. ಬರೆದದ್ದು ನೋಡಿದರೆ ಬರೀ ಲಿಫ್ಟಿನ ವರ್ಣನೆ! ಇಂಥದ್ದನ್ನು ಬೆಳೆಸುವುದು ಹೇಗೆ? ಸುಮ್ನೆ ಕಾಯಬೇಕಾ, ಕೂತು ಜಗ್ಗಬೇಕಾ?

ಮಸಿಕುಡಿಕೆ:
ಜಗ್ಗಬೇಕು. ನಿಮಗೆ ಸಿಕ್ಕಿರುವುದು ಒಂದು ಸನ್ನಿವೇಶ ಅಷ್ಟೇ, ಕಥೆ ಇನ್ನೂ ಸಿಕ್ಕಿಲ್ಲ. ಏನನ್ನು ಹೇಳಿಲ್ಲ ಅಂತ ಎಲ್ಲರೂ ಮೊದಲು ಕೇಳಿಕೊಳ್ತಾರೆ, ನೀವು ಆ ಪ್ರಶ್ನೆ ಬದಿಗಿಡಿ. ಅದರ ಹಿಂದೆ ಹೋದರೆ ಕಾಯಿಲೆ, ಸಾಲ, ಅಕ್ರಮ ಸಂಬಂಧ, ಇವುಗಳಲ್ಲೊಂದು ಬಂದು ಕೂರುತ್ತದೆ. ಹೇಳಿಬಿಟ್ಟರೆ ಯಾರಿಗೆ ಜಾಸ್ತಿ ನಷ್ಟ ಅಂತ ಕೇಳಿಕೊಳ್ಳಿ. ಅವಳಿಗಾ, ಅವನಿಗಾ, ಫೋನಿನ ಆ ತುದಿಯಲ್ಲಿರುವವರಿಗಾ? ನನಗಂತೂ ಆ ತುದಿಯವರೇ ಇಷ್ಟ. ಗುಟ್ಟು ಗೊತ್ತು, ಹೇಳುವ ಹಕ್ಕಿಲ್ಲ, ರಾತ್ರಿ ಅವನ ಪಕ್ಕದಲ್ಲೇ ಊಟಕ್ಕೆ ಕೂರಬೇಕು. ಅವನು ನೀರಿನ ಲೋಟ ಇತ್ತ ಸರಿಸುತ್ತಾ "ಯಾಕೆ, ಇವತ್ತು ಮಾತೇ ಇಲ್ಲ?" ಅಂತ ಕೇಳಿದರೆ ಏನು ಉತ್ತರ ಕೊಡೋದು? ಅಲ್ಲಿಂದ ಶುರು ಮಾಡಿ. ಲಿಫ್ಟು ಕಥೆಯಲ್ಲಿ ಬರದೇ ಹೋದರೂ ನಡೆಯುತ್ತದೆ.

ಹಳೇಪೆನ್ನು:
ಊಟದ ಸೀನ್ ಚೆನ್ನಾಗಿದೆ, ಆದರೆ ಇಷ್ಟು ಅವಸರ ಯಾಕೆ? ಕೆಲವು ಎಳೆಗಳಿಗೆ ಸಮಯ ಬೇಕು. 1895ರ ಜನವರಿಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಕಾದಂಬರಿಕಾರ ಹೆನ್ರಿ ಜೇಮ್ಸ್‌ಗೆ ಒಂದು ದೆವ್ವದ ಕಥೆ ಹೇಳಿದರು. ಅವರಿಗೂ ಅದು ಸರಿಯಾಗಿ ನೆನಪಿರಲಿಲ್ಲ, ಅಲ್ಲಲ್ಲಿ ಹರಕು. ಜೇಮ್ಸ್ ಅಷ್ಟನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅದರಿಂದ ಹುಟ್ಟಿದ 'ದಿ ಟರ್ನ್ ಆಫ್ ದಿ ಸ್ಕ್ರೂ' ಕಥೆ ಅಚ್ಚಾಗಿದ್ದು 1898ರಲ್ಲಿ. ಇನ್ನೊಂದು ಮಜಾ ಏನಂದರೆ, ಹೊರಗಿನಿಂದ ನೋಡುವವರೊಬ್ಬರು ಇದನ್ನು ಹೇಳಬೇಕು ಅಂತ ಆ ಟಿಪ್ಪಣಿಯಲ್ಲಿದೆ, ಬರೆದಾಗ ಆ ಮನೆಯೊಳಗೇ ಇದ್ದು ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯೇ ಹೇಳುತ್ತಾಳೆ. ಅಂದರೆ ಯಾರ ಬಾಯಲ್ಲಿ ಹೇಳಿಸಬೇಕು ಅನ್ನುವುದು ನಡುವೆ ಬದಲಾಗಿದೆ. ಹಾಗಂತ ಮರೆತು ಕೂರಬೇಡಿ, ಆಗಾಗ ತೆಗೆದು ಓದಿ, ಹೊಳೆದರೆ ಒಂದು ಸಾಲು ಸೇರಿಸಿ, ಇಲ್ಲದಿದ್ದರೆ ಮುಚ್ಚಿಡಿ. ಮತ್ತೆ ಊರಿಗೆಲ್ಲ ಹೇಳಿಕೊಂಡು ತಿರುಗಬೇಡಿ. ನಾಲ್ಕು ಜನಕ್ಕೆ ಹೇಳಿ ಮುಗಿಸಿದ ಕಥೆಯನ್ನು ಬರೆಯುವ ಹುಮ್ಮಸ್ಸೇ ಉಳಿಯುವುದಿಲ್ಲ.

ಗೀಚು:
ಹೇಳಬಾರದು ಅನ್ನುವುದನ್ನು ನಾನು ಒಪ್ಪಲ್ಲ. ಒಬ್ಬರಿಗೆ ಹೇಳಿ, ಅವರ ಮುಖ ನೋಡಿ. ಎಲ್ಲಿ ಆಕಳಿಸಿದರು ಅಂತ ಗೊತ್ತಾದರೆ ಅರ್ಧ ಕೆಲಸ ಆಯ್ತು, ಅಲ್ವಾ?

ಇನ್ನೊಂದು ವಿಷಯ. ಒಂದೇ ಎಳೆಯನ್ನು ಎಷ್ಟು ತಿರುಚಿದರೂ ಕೆಲವು ಸಲ ಹಗ್ಗ ಆಗಲ್ಲ, ಎರಡು ಬೇಕು. ಪತ್ತೇದಾರಿ ಕಾದಂಬರಿಗಳ ಲೇಖಕಿ ಅಗಾಥಾ ಕ್ರಿಸ್ಟಿಯ 73 ನೋಟ್‌ಬುಕ್ಕುಗಳು ಉಳಿದಿವೆ. ಒಳಗೆ ಕ್ರಮವೂ ಇಲ್ಲ ಏನೂ ಇಲ್ಲ, ಕೊಲೆಯ ಉಪಾಯದ ಪಕ್ಕದಲ್ಲೇ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ. ಅಂಥ ಗೊಂದಲದಿಂದಲೇ ಹಳೆಯ ಎಳೆಗಳನ್ನು ಎತ್ತಿ ಹೊಸ ಕಥೆಗೆ ಹಾಕುತ್ತಿದ್ದರು. ಹಾಗಾಗಿ ನೋಟ್ಸನ್ನು ನೀಟಾಗಿ ವಿಂಗಡಿಸುತ್ತಾ ಕೂರಬೇಡಿ (ಅದು ಬರೆಯದೇ ಇರೋಕೆ ಒಳ್ಳೆಯ ನೆಪ). ಲಿಫ್ಟಿನ ಜೊತೆ ಸಂಬಂಧವೇ ಇಲ್ಲದ ಇನ್ನೊಂದನ್ನು ತೆಗೆದು ಪಕ್ಕದಲ್ಲಿಡಿ.

ಅರೆಬರೆ:
ಈಗಷ್ಟೇ ನೋಡಿದೆ. "ಕೆಲಸ ಹೋದ ಮೇಲೂ ದಿನಾ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಡುವವನು" ಅಂತ ಒಂದಿದೆ. ಲಿಫ್ಟಿನ ಎದುರು ನಿಂತವನು ಇವನೇ ಆದರೆ? ಅವನ ಕೆಲಸ ಹೋಗಿದ್ದು ಅವಳಿಗೆ ಗೊತ್ತು. ಗೊತ್ತಿದೆ ಅಂತ ಅವನಿಗೆ ಇನ್ನೂ ಹೇಳಿಲ್ಲ. ದಿನಾ ಶರ್ಟು ಇಸ್ತ್ರಿ ಮಾಡಿಕೊಡುವವಳೂ ಅವಳೇ.

ಒಂದೇ ಅಳುಕು, ಯಾರದೋ ಖಾಸಗಿ ಮಾತು ಕದ್ದ ಹಾಗಾಗಲ್ವಾ?

ಮಸಿಕುಡಿಕೆ:
ಆಹಾ, ಇಸ್ತ್ರಿಯನ್ನು ಬಿಡಬೇಡಿ! ಕದ್ದ ಹಾಗೇನೂ ಆಗಲ್ಲ, ಆ ಹೆಂಗಸಿನ ನಿಜವಾದ ಗುಟ್ಟು ನಿಮಗೆ ಗೊತ್ತೇ ಇಲ್ಲವಲ್ಲ. ನೋಡಿದವರು ಗುರುತು ಹಿಡಿಯುವಂಥ ವಿವರ ಇದ್ದರೆ ಬದಲಾಯಿಸಿ, ಸಾಕು.

ಹಳೇಪೆನ್ನು:
ಅದೇ ಜೇಮ್ಸ್‌ಗೆ ಇನ್ನೊಂದು ಸಲ ಕ್ರಿಸ್‌ಮಸ್ ಹಿಂದಿನ ರಾತ್ರಿ ಊಟದಲ್ಲಿ ಪಕ್ಕದಲ್ಲಿದ್ದವರು, ಮನೆ ಸಾಮಾನಿಗಾಗಿ ತಾಯಿ ಮಗ ಜಗಳ ಆಡಿದ್ದನ್ನು ಹೇಳತೊಡಗಿದರಂತೆ. ಕೆಲವೇ ಮಾತಿಗೆ ಎಳೆ ಸಿಕ್ಕಿಬಿಟ್ಟಿತು, ಮುಂದಿನದು ಕಿವಿಗೆ ಬೀಳದಿದ್ದರೇ ಚೆನ್ನ ಅನಿಸಿತು ಅಂತ ಆಮೇಲೆ ಬರೆದುಕೊಂಡಿದ್ದಾನೆ. ಆ ಹೆಂಗಸು ಮತ್ತೆ ಲಿಫ್ಟಿನಲ್ಲಿ ಸಿಕ್ಕರೆ ನೀವು ಮೆಟ್ಟಿಲು ಹತ್ತಿ ಹೋಗಿ :)